ಆನೆಯ ಹೊಟ್ಟೆಯೊಳಗಿನ ಧೂಳು

ನನ್ನ ಹೆಸರು ಶಿವಲಿಂಗಮ್ಮ ಕೋಂ ಬಾಲರಾಜು, 41 ವರ್ಷ, ರೇಷ್ಮೆ ನೂಲು ಬಿಚ್ಚುವ ಕೆಲಸ, ವಾಸ ಕೂಟಗಲ್ ಗ್ರಾಮ, ರಾಮನಗರ ತಾಲ್ಲೂಕು. ಠಾಣೆಗೆ ಖುದ್ದು ಬಂದು ತಿಳಿಸುವುದೇನೆಂದರೆ,

ನನ್ನ ಗಂಡ ನಾಲ್ಕು ವರ್ಷದಿಂದ ಮಾಗಡಿ ರಸ್ತೆಯಲ್ಲಿರುವ ಯೋಗಾನಂದ ಎಂಬುವರ ಶೆಡ್ಡಿನಲ್ಲಿ ಫೈಬರ್ ಬೊಂಬೆಗಳನ್ನು ಉಜ್ಜಿ ನುಣುಪು ಮಾಡುವ ಕೆಲಸದಲ್ಲಿದ್ದಾರೆ. ಗಾಜಿನ ನಾರಿನ ಆ ಧೂಳು ಅಂಗಿಯಲ್ಲೇ ಮನೆಗೆ ಬರುತ್ತದೆ. ಆ ಅಂಗಿಯ ಜೊತೆ ಒಗೆದ ಲಂಗ ಉಟ್ಟು ಮಗಳು ಸಿರಿ ಮೈಯೆಲ್ಲ ಕೆರೆದುಕೊಂಡಳು. ಗಂಡನಿಗೆ ಒಂದು ವರ್ಷದಿಂದ ಕೆಮ್ಮು, ಉಬ್ಬಸ. ಮಾಸ್ಕ್ ಕೇಳಿದರೆ ಯೋಗಾನಂದರವರು, ಬೆಲ್ಲ ತಿನ್ಲಾ, ಧೂಳೆಲ್ಲ ಇಳಿದೋಯ್ತದೆ ಎಂದರಂತೆ. ನಾನೂ ನಂಬಿದೆ. ದಿನಾ ಬುತ್ತಿಯ ಜೊತೆ ಒಂದು ಅಚ್ಚು ಬೆಲ್ಲ ಕಟ್ಟಿದೆ. ಮರೆತ ದಿನ ನನ್ನನ್ನೇ ಬೈದುಕೊಂಡಿದ್ದೇನೆ.

ದಿನಾಂಕ 12-11-2024ರಂದು ಬೆಳಿಗ್ಗೆ 10-30ಕ್ಕೆ, ಯೋಗಾನಂದರವರು, ರೆಸಾರ್ಟ್ ಒಂದಕ್ಕೆ ಮಾಡಿದ 11 ಅಡಿ ಎತ್ತರದ ಆನೆ ಬೊಂಬೆಯ ಹೊಟ್ಟೆಯೊಳಗೆ ಇಳಿದು ಉಜ್ಜಲು ಹೇಳಿದರು. ಆನೆಯ ಬೆನ್ನಿನ ಮೇಲೆ ಬಿಟ್ಟ ಕಿಂಡಿ ಎರಡು ಅಡಿ ಅಗಲ. ಸಣಕಲು ಎಂದು ನನ್ನ ಗಂಡನನ್ನೇ ಇಳಿಸಿದರು. ಹೊರಗಿನ ಬಣ್ಣ ಹಸಿಯಿದೆ, ಧೂಳು ಹತ್ತುತ್ತದೆ ಎಂದು ಫ್ಯಾನ್ ಆರಿಸಿ, ಕಿಂಡಿಗೆ ಗೋಣಿಚೀಲ ಮುಚ್ಚಿದರು. 12-10ಕ್ಕೆ ಒಳಗಿನಿಂದ ಬಡಿಯುವ ಸದ್ದು ಕೇಳಿ ಜೊತೆಗಾರ ಖಾಸಿಂರವರು ತೋಳು ಹಿಡಿದು ಹೊರಗೆಳೆದರು. ಆಗ ಯೋಗಾನಂದರವರು, ನಿಧಾನ ಕಣ್ಲಾ, ಬಣ್ಣ ಕಿತ್ಕೊಂಡಾತು ಎಂದರೆಂದು ಖಾಸಿಂರವರೇ ನನಗೆ ತಿಳಿಸಿದರು.

ಸುದ್ದಿ ತಿಳಿದು ನಾನು 1-15ಕ್ಕೆ, ಗಂಡನನ್ನು ಸೇರಿಸಿದ್ದ ಆಸ್ಪತ್ರೆ ತಲುಪಿದಾಗ ಆಕ್ಸಿಜನ್ ಹಾಕಿದ್ದರು. ಗಂಡನ ರೆಪ್ಪೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ. ಆ ಸೆರಗು ಈಗಲೂ ಚುಚ್ಚುತ್ತಿದೆ. ಧೂಳಿನಿಂದ ಶ್ವಾಸನಾಳ ಊದಿಕೊಂಡಿದೆ, ಮತ್ತೆ ಆ ಕೆಲಸಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಬೆಲ್ಲದ ವಿಷಯ ಕೇಳಿದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಎದೆಗೆ ಎಂದರು. ನನಗೆ ನಾಚಿಕೆಯಾಯಿತು.

ಸಂಜೆ 4ಕ್ಕೆ ಯೋಗಾನಂದರವರು ಬಂದು, ಬೀಡಿ ಸೇದಿ ಹಿಂಗಾಯ್ತು ಅಂತ ಬರ್ದುಕೊಡವ್ವಾ ಎಂದು ಕಾಗದ ಚಾಚಿದರು. ನನ್ನ ಗಂಡ ಬೀಡಿ ಮುಟ್ಟಿದವರಲ್ಲ. ನಾನು ಸಹಿ ಹಾಕಲಿಲ್ಲ. ಅವರು ರೋಗಿಗೆಂದು ತಂದಿದ್ದ ಒಂದು ಕೆ.ಜಿ. ಬೆಲ್ಲವನ್ನು ಮಂಚದ ಮೇಲಿಟ್ಟು ಹೋದರು.

ಆ ಪೊಟ್ಟಣವನ್ನು ಬಿಚ್ಚದೆ ಠಾಣೆಗೆ ಹಾಜರುಪಡಿಸಿದ್ದೇನೆ. ಇದ್ಯಾಕವ್ವಾ ಎಂದು ಸಾಹೇಬರು ಕೇಳಿದ್ದಕ್ಕೆ, ನಾಲ್ಕು ವರ್ಷದಲ್ಲಿ ಅವರು ಕೊಟ್ಟ ಮಾಸ್ಕ್ ಇದೇ ಎಂದು ಹೇಳಿರುತ್ತೇನೆ. ಅದನ್ನೂ ಬರೆಯಬೇಕೆಂದು ಕೇಳಿ ಬರೆಸಿದ್ದೇನೆ.

ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ರಾಮನಗರ
ದಿನಾಂಕ: 13-11-2024

(ಸಹಿ) ಶಿವಲಿಂಗಮ್ಮ