ಉಡಿಯಲ್ಲಿ ಹೋದ ಉಪ್ಪಿನ ಚಮಚ

ಕದಿಯಬಾರದು ಎಂದು ನಿನ್ನೆ ಇದೇ ಗದ್ದಿಗೆಯ ಮೇಲೆ ಕುಳಿತು ಹೇಳಿದೆ. ಎಲ್ಲರೂ ತಲೆಯಾಡಿಸಿದಿರಿ. ಬಹಳ ಜೋರಾಗಿಯೇ ಆಡಿಸಿದಿರಿ. ಆಡಿಸುವಾಗ ಒಬ್ಬೊಬ್ಬರ ಕಣ್ಣು ಪಕ್ಕದವರ ಕಡೆ ಹೊರಳಿದ್ದನ್ನೂ ನಾನು ನೋಡಿದೆ! ನಗಬೇಡಿ. ಇವತ್ತಿನ ಕಥೆ ಪಕ್ಕದವರದಲ್ಲ, ಮನೆಯೊಳಗಿನದು. ಬಂಗಾರ ಕದ್ದ ಕಥೆಯೂ ಅಲ್ಲ. ಒಂದು ಚಮಚದ ಕಥೆ.

ಒಂದು ಪೇಟೆಯ ಊರು, ಆ ಊರಿಗೊಬ್ಬ ಶ್ರೀಮಂತ. ಕಾಳುಕಡಿಯ ದೊಡ್ಡ ವ್ಯಾಪಾರ. ಯಾವ ಊರು, ಅವನ ಹೆಸರೇನು ಎಂದು ಕೇಳಬೇಡಿ. ಹೇಳಿದರೆ ಕಥೆ ಮುಗಿಯುವುದರೊಳಗೆ ಅವನ ಬೀಗರನ್ನೂ ಹುಡುಕಿ ತೆಗೆಯುತ್ತೀರಿ. ಅವನಿಗೊಬ್ಬ ತಂಗಿ. ಅವಳನ್ನು ಬಸ್ಸಿನಲ್ಲಿ ಎರಡು ತಾಸಿನ ದಾರಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ತಂದೆ ಎಂದೋ ಹೋಗಿದ್ದರು. ಒಂದು ಚಳಿಗಾಲದಲ್ಲಿ ತಾಯಿಯೂ ಹೋದಳು. ಹಿರಿಯರು ತೀರಿಕೊಂಡರೆ ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಹಾಗೆ ಅವಸರದಲ್ಲಿ ಆ ಶ್ರೀಮಂತನ ಮದುವೆಯೂ ಆಯಿತು. ಮನೆಗೆ ಸೊಸೆ ಬಂದಳು. ಆದರೆ ನೋಡಿ, ಅತ್ತೆ ಇಲ್ಲದ ಮನೆಗೆ ಬಂದಳು. ಇದು ಇಲ್ಲಿದು, ಅದು ಅಲ್ಲಿದು ಎಂದು ಕೈಹಿಡಿದು ತೋರಿಸುವವರಿಲ್ಲ.

ಈ ಸೊಸೆ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆಯಲ್ಲಿ ಸೊಸೆ ಬಂದಳೆಂದರೆ ಇಲ್ಲಿ ಕುಳಿತ ಅತ್ತೆಯರೆಲ್ಲ ನೆಟ್ಟಗಾಗುತ್ತೀರಿ. ಅಚ್ಚುಕಟ್ಟಿನ ಹೆಣ್ಣು. ಅವಳ ಅಡುಗೆಮನೆಯಲ್ಲಿ ಕತ್ತಲಲ್ಲಿ ಕೈಯಾಡಿಸಿದರೂ ಜೀರಿಗೆ ಡಬ್ಬಿ ಸಿಗಬೇಕು. ಹಾಗೆ ಇಟ್ಟಿದ್ದಳು.

ಮೊದಲ ನಾಗರಪಂಚಮಿಗೆ ಮನೆಮಗಳು, ಅಂದರೆ ಆ ತಂಗಿ, ತವರಿಗೆ ಬಂದಳು. ಎರಡು ದಿನ ಇದ್ದಳು. ಹೊರಡುವ ದಿನ ಸೊಸೆ ಅವಳ ಮಡಿಲಿಗೆ ಉಡಿ ತುಂಬಲು ಅಕ್ಕಿ ತೆಗೆದಿಟ್ಟಳು. ಆಗ ಪಕ್ಕದ ಓಣಿಯ ದೊಡ್ಡವ್ವ, ಗಂಡನ ದೊಡ್ಡಪ್ಪನ ಹೆಂಡತಿ, ಬಾಗಿಲಲ್ಲೇ ತಡೆದಳು.

"ಏನ ಮಾಡಾಕತ್ತೀ ಹುಡುಗಿ? ಅತ್ತಿ ಸತ್ತು ಇನ್ನಾ ವರ್ಸ ತುಂಬಿಲ್ಲ. ಮನೀ ಮಗಳಿಗೆ ಉಡಿ ತುಂಬತಾರೇನು?"

ಸೊಸೆ ಹೆದರಿ ಅಕ್ಕಿಯನ್ನು ಡಬ್ಬಿಗೆ ಸುರಿದಳು. ಮಗಳೂ ಅತ್ತಿಗೆಯ ಕಡೆ ತಿರುಗಿ "ಖರೇ ಐತಿ ವೈನಿ, ಈ ವರ್ಸ ಬ್ಯಾಡ" ಎಂದಳು. ಅಣ್ಣ ಅಂಗಡಿಯಿಂದ ಒಂದು ಸೀರೆ ತರಿಸಿ ಕವರಿನಲ್ಲಿ ಹಾಕಿ ತಂಗಿಯ ಕೈಗೆ ಕೊಟ್ಟ. ಅವಳು ಹೋದಳು.

ವರ್ಷ ತುಂಬಿತು. ಹಿರಿಯರ ಕಾರ್ಯವೂ ಆಯಿತು. ಇನ್ನು ಮೇಲೆ ಉಡಿ ತುಂಬು ಎಂದು ಸೊಸೆಗೆ ಯಾರು ಹೇಳಬೇಕು? ದೊಡ್ಡವ್ವ ಮರೆತಳು. ಅಣ್ಣನಿಗೆ ಅದು ಹೆಂಗಸರ ಬಾಬತ್ತು. ಸೊಸೆ ಕಾದಳು. ಹಿರಿಯರು ಬೇಡ ಎಂದಿದ್ದಾರೆ, ಬೇಕಾದಾಗ ಹಿರಿಯರೇ ಹೇಳುತ್ತಾರೆ, ತಾನಾಗಿ ಕೈಹಾಕಿದರೆ ಏನು ತಪ್ಪಾಗುತ್ತದೋ ಎಂದು ಕಾದಳು. ತುಂಬಬೇಡ ಎನ್ನಲು ಓಣಿ ದಾಟಿ ಬಂದವರಿದ್ದರು. ತುಂಬು ಎನ್ನಲು ಒಬ್ಬರೂ ಬರಲಿಲ್ಲ. ಎರಡನೆಯ ಪಂಚಮಿಗೂ ಮಗಳಿಗೆ ಕವರಿನಲ್ಲಿ ಸೀರೆ ಬಂತು.

ಆ ಸಲ ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಒಂದು ಚಮಚ ಕಾಣಲಿಲ್ಲ. ಹಿಡಿ ಸೊಟ್ಟಗಾದ ಹಳೆಯ ಚಮಚ. ಸೊಸೆ ಎಲ್ಲ ಕಡೆ ಹುಡುಕಿ ಇಲಿಯನ್ನು ಬೈದು ಸುಮ್ಮನಾದಳು. ಚಮಚ ಒಯ್ಯುವ ಇಲಿ ಎಲ್ಲಾದರೂ ಉಂಟೇ? ದೀಪಾವಳಿಗೆ ಮಗಳು ಬಂದು ಹೋದಳು. ಕನ್ನಡಿಯ ಹಿಂದಿನ ಹಣಿಗೆ ಮಾಯವಾಗಿತ್ತು. ನಾಲ್ಕು ಹಲ್ಲು ಮುರಿದ ಹಣಿಗೆ! ಆಗ ಸಂಶಯ ಪಾತ್ರೆ ತಿಕ್ಕುವ ಹೆಂಗಸಿನ ಮೇಲೆ ಹೋಯಿತು. ನಮ್ಮ ಸಂಶಯಕ್ಕೆ ಮೊದಲು ಸಿಗುವ ದಾರಿ ಅದೇ ಅಲ್ಲವೇ? ಆದರೆ ಆ ವಾರ ಆ ಹೆಂಗಸು ತನ್ನ ಊರಲ್ಲಿದ್ದಳು. ಸಂಕ್ರಾಂತಿಗೆ ಮಗಳು ಮತ್ತೆ ಬಂದು ಹೋದಳು. ಈ ಸಲ ಹೋಗಿದ್ದು ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ.

ನೀವೇ ಹೇಳಿ, ಮಸಿಬಟ್ಟೆಯನ್ನು ಯಾರಾದರೂ ಕದಿಯುತ್ತಾರೆಯೇ? ಪಕ್ಕದಲ್ಲೇ ಬೆಳ್ಳಿಯ ಕುಂಕುಮದ ಭರಣಿ ಇತ್ತು. ಅದು ಇದ್ದಲ್ಲೇ ಇದೆ.

ನಾದಿನಿ ಬಂದು ಹೋದಾಗಲೆಲ್ಲ ಹೀಗಾಗುತ್ತದೆ ಎಂದು ಸೊಸೆ ಗಂಡನಿಗೆ ಹೇಳಿದಳು. ಅವನು ನಕ್ಕ.

"ಚಮಚ ಅಲ್ಲೇನ? ಹೋಗ್ಲಿ ಬಿಡು. ಹತ್ತು ತರಸ್ತೀನಿ."

"ಚಮಚದ ಮಾತಲ್ರೀ ಇದು" ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು. "ಕೇಳಿದ್ರ ನಾ ಒಲ್ಲೆ ಅಂತಿದ್ನೇನು? ವೈನಿ, ಇದನ್ನ ಕೊಡ್ರಿ ಅಂತ ಬಾಯಿ ಬಿಟ್ಟು ಒಂದು ಮಾತು ಕೇಳಲಾರದಷ್ಟು ಹೊರಗಿನಾಕಿ ಆದ್ನೇನು ನಾನು ಆಕಿಗೆ?"

ಇದು ಅವಳ ನೋವು. ವಸ್ತು ಹೋಗಿದ್ದಕ್ಕಲ್ಲ. ನಾದಿನಿ ತನ್ನನ್ನು ಮನೆಯವಳೆಂದು ಎಣಿಸಲಿಲ್ಲವಲ್ಲ ಎಂಬುದಕ್ಕೆ. ನೋವು ಒಳಗೆ ಕುಳಿತರೆ ಏನಾಗುತ್ತದೆ? ಸಿಟ್ಟಾಗುತ್ತದೆ. ಸೊಸೆ ಒಂದು ನಿರ್ಧಾರ ಮಾಡಿದಳು. ಬರುವ ಪಂಚಮಿಗೆ ಮಗಳು ಹೊರಡುವಾಗ ಓಣಿಯ ಹೆಂಗಸರೆಲ್ಲ ಬೀಳ್ಕೊಡಲು ಬಾಗಿಲಿಗೆ ಬರುತ್ತಾರೆ. ಆಗ ಎಲ್ಲರೆದುರಿಗೆ "ತಾ, ಚೀಲ ನಾ ಹಿಡೀತೀನಿ" ಎಂದು ಇಸಿದುಕೊಳ್ಳುವುದು. ಕೈಜಾರಿದಂತೆ ಮಾಡಿ ಹೊಸ್ತಿಲಲ್ಲೇ ಚೀಲ ಸುರಿಯುವುದು. ಏನೇನು ಉದುರುತ್ತದೋ ಎಲ್ಲರೂ ನೋಡಲಿ.

ಯೋಚಿಸಿ. ಹಾಗೆ ಆಗಿದ್ದರೆ ಆ ಮಗಳು ಮತ್ತೆ ಆ ಹೊಸ್ತಿಲು ತುಳಿಯುತ್ತಿದ್ದಳೇ? ತಾಯಿ ಇಲ್ಲ, ತಂದೆ ಇಲ್ಲ. ಆ ಹೊಸ್ತಿಲೊಂದೇ ಉಳಿದಿತ್ತು ಅವಳಿಗೆ.

ಪಂಚಮಿ ಬಂತು. ಮಗಳು ಬಂದಳು. ಉಂಡೆ ಕಟ್ಟಿದರು, ಜೋಕಾಲಿ ಆಡಿದರು. ಹೊರಡುವ ದಿನ ಬೆಳಿಗ್ಗೆ ಸೊಸೆ ಬೇಕೆಂದೇ ಅಡುಗೆಮನೆ ಬಿಟ್ಟು ದೇವರ ಕೋಣೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಅಲ್ಲಿಂದ ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಕಟ್ಟೆಯ ಮೇಲೆ ಒಂದು ಬೆಳ್ಳಿಯ ಚಮಚವನ್ನೂ ಇಟ್ಟಿದ್ದಳು. ಬಲೆ ಹಾಕಿದಳು ಎನ್ನಿ.

ಮಗಳು ಬಂದಳು. ಅತ್ತ ಇತ್ತ ನೋಡಿದಳು. ಬೆಳ್ಳಿಯ ಚಮಚವನ್ನು ಬದಿಗೆ ಸರಿಸಿ ಉಪ್ಪಿನ ಡಬ್ಬಿ ತೆರೆದಳು. ಅದರೊಳಗೆ ಒಂದು ಕಟ್ಟಿಗೆಯ ಚಮಚ, ತಾಯಿಯ ಕಾಲದ್ದು, ಅಂಚು ಸವೆದು ಒಂದು ಕಡೆ ಸಣ್ಣದಾಗಿತ್ತು. ತೆಗೆದು ಸೆರಗಿನಿಂದ ಒರೆಸಿದಳು. ಸಿಕ್ಕಿದಳು ಕಳ್ಳಿ, ಎಂದುಕೊಂಡಳು ಸೊಸೆ.

ಆದರೆ ಮಗಳು ಅದನ್ನು ಚೀಲಕ್ಕೆ ಹಾಕಲಿಲ್ಲ. ನೋಡಿ, ಏನು ಮಾಡಿದಳು ಎಂದು ನೋಡಿ. ಪೂರ್ವಕ್ಕೆ ಮುಖ ಮಾಡಿ ನೆಲದ ಮೇಲೆ ಕುಳಿತಳು. ಸೆರಗನ್ನು ಮುಂದಕ್ಕೆ ತಂದು ಮಡಿಲಲ್ಲಿ ಹರಡಿದಳು. ಪಕ್ಕದ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತನ್ನ ಉಡಿಗೆ ತಾನೇ ಹಾಕಿಕೊಂಡಳು. ಅದರ ಮೇಲೆ ಆ ಚಮಚ ಇಟ್ಟಳು. ಉಡಿ ತುಂಬಿಸಿಕೊಂಡವರು ನಾಲ್ಕು ಕಾಳು ತಿರುಗಿ ಮನೆಗೇ ಕೊಡುತ್ತೀರಲ್ಲ ತಾಯಂದಿರೇ, ತವರಿಗೂ ಇರಲಿ ಎಂದು? ಹಾಗೆಯೇ ಅವಳು ನಾಲ್ಕು ಕಾಳು ಎತ್ತಿ ಡಬ್ಬಿಗೆ ಹಾಕಿ, ಯಾರಿಗೂ ಕೇಳಿಸದ ದನಿಯಲ್ಲಿ "ನನ್ನ ತವರು ತಣ್ಣಗಿರ್ಲಿ" ಎಂದಳು.

ಬಾಗಿಲ ಮರೆಯಲ್ಲಿದ್ದ ಸೊಸೆಗೆ ಕೇಳಿಸಿತು.

ಕಳ್ಳಿ ಕದ್ದ ಮನೆಯನ್ನು ಹರಸುತ್ತಿದ್ದಾಳೆ! ಸೊಸೆಯೂ ಹೆಣ್ಣುಮಗಳೇ, ಅವಳಿಗೂ ಒಂದು ತವರಿತ್ತು. ವರ್ಷಕ್ಕೆ ಎರಡು ಸಲ ಅವಳ ತಾಯಿ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿ ಕಳಿಸುತ್ತಿದ್ದಳು. ಯಾರೂ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಸೊಸೆ ಮರೆಯಿಂದ ಹೊರಗೆ ಬಂದಳು. ಮಗಳು ಬೆಚ್ಚಿ ಎದ್ದಳು. ಉಡಿಯ ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತು, ಚಮಚ ಉರುಳಿ ಸೊಸೆಯ ಕಾಲ ಹತ್ತಿರ ಬಂತು.

"ವೈನಿ, ತಪ್ಪಾತು" ಎಂದಳು ಮಗಳು. ಮುಖ ಮೇಲೆತ್ತಲಿಲ್ಲ. "ಅಣ್ಣಗ ಹೇಳಬ್ಯಾಡ್ರಿ. ಎಲ್ಲಾನೂ ತಿರುಗಿ ತಂದು ಕೊಡ್ತೀನಿ. ಬೆಳ್ಳೀದು ಯಾವುದೂ ಮುಟ್ಟಿಲ್ರೀ ನಾ. ಅವ್ವ ಮುಟ್ಟಿದ್ದು ಅಷ್ಟೇ ಒಯ್ದೀನಿ. ಆ ಮಸಿಬಟ್ಟಿ ಐತಲ್ಲ, ಅದು ಅವ್ವನ ಇಳಕಲ್ ಸೀರಿದು."

"ಮತ್ತ ಅಕ್ಕಿ?"

"ಬರೇ ಉಡೀಲೆ ಹ್ಯಾಂಗ ಹೋಗ್ಲಿ ವೈನಿ? ಮನೀಗೆ ಹೋದ ಕೂಡ್ಲೇ ನಮ್ಮತ್ತಿ ಕೇಳ್ತಾರ, ತವರಾಗ ಉಡಿ ಏನು ತುಂಬಿದ್ರು ಅಂತ. ಏನು ತೋರಿಸ್ಲಿ? ಕವರ್ ತೋರಿಸ್ಲೇನು?"

"ನನಗ ಒಂದು ಮಾತು ಕೇಳಬಾರದಾಗಿತ್ತೇನವ್ವಾ?"

ಮಗಳು ಆಗ ತಲೆಯೆತ್ತಿ ನೋಡಿದಳು. ಏನೆಂದಳು ಗೊತ್ತೇ? "ಉಡಿ ಕೇಳಿ ತುಂಬಿಸ್ಕೊಳ್ಳೂದಲ್ಲ ವೈನಿ" ಎಂದಳು.

ಸೊಸೆ ಬಗ್ಗಿ ಚಮಚ ಎತ್ತಿಕೊಂಡಳು. ಹೊರಗಿನಿಂದ ಅಣ್ಣ ಕೂಗಿದ. "ಬಸ್ಸಿನ ಹೊತ್ತಾತು, ಇನ್ನಾ ಏನ್ ಮಾಡಾಕತ್ತೀರಿ ಒಳಗ?"

"ಬಸ್ಸು ಹೋದ್ರ ಹೋಗ್ಲಿ" ಎಂದಳು ಸೊಸೆ ಅಲ್ಲಿಂದಲೇ. "ನೀವು ಒಳಗ ಬರ್ರಿ. ಮಣಿ ಹಾಕ್ರಿ."

"ಮಣೀ? ನಾನು?"

"ಹೌದು, ನೀವ! ಮನೀ ಮಗಳು ಎರಡು ವರ್ಸಾತು, ಬರೇ ಉಡೀಲೆ ಹೋಗಾಕತ್ತಾಳ. ನನಗ ಗೊತ್ತಾಗಲಿಲ್ಲ, ನಾ ಹೊಸಾಕಿ. ನಿಮ್ಮವ್ವ ತುಂಬೂದು ನೀವು ಸಣ್ಣಾವ್ರಿದ್ದಾಗಿಂದ ನೋಡೀರಿ. ನಿಮಗೂ ಗೊತ್ತಾಗಲಿಲ್ಲೇನು?"

ಆ ಶ್ರೀಮಂತ, ಪೇಟೆಯಲ್ಲಿ ಹತ್ತು ಜನರಿಗೆ ಜೋರು ಮಾಡುವವನು, ತಾನೇ ಮಣೆ ಹಾಕಿದ. ಬಾಗಿಲಲ್ಲಿ ಬೀಳ್ಕೊಡಲು ಬಂದು ನಿಂತಿದ್ದ ಓಣಿಯ ಹೆಂಗಸರನ್ನು ಸೊಸೆ ಒಳಗೆ ಕರೆದಳು. ಯಾರೆದುರಿಗೆ ಚೀಲ ಸುರಿಯಬೇಕು ಎಂದುಕೊಂಡಿದ್ದಳೋ ಅವರೆದುರಿಗೇ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ, ಎಲ್ಲವನ್ನೂ ಮಗಳ ಉಡಿಗೆ ಹಾಕಿದಳು. ದೊಡ್ಡವ್ವ ಒಂದು ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಗೆ ಸೊಸೆ ಆ ಸವೆದ ಉಪ್ಪಿನ ಚಮಚವನ್ನೂ ಉಡಿಯ ಮೇಲಿಟ್ಟಳು. ಮಗಳು ನಾಲ್ಕು ಕಾಳು ತಿರುಗಿ ಕೊಟ್ಟು ಈ ಸಲ ಎಲ್ಲರಿಗೂ ಕೇಳಿಸುವಂತೆ ಹೇಳಿದಳು. "ನನ್ನ ತವರು ತಣ್ಣಗಿರ್ಲಿ."

ದೀಪಾವಳಿಗೆ ಬಂದಾಗ ಮಗಳು ಸೊಟ್ಟ ಚಮಚ ತಂದು ಅದರ ಜಾಗದಲ್ಲೇ ಇಟ್ಟಳು. ಹಣಿಗೆಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿದಳು. ಉಪ್ಪಿನ ಡಬ್ಬಿಗೆ ಅದರ ಚಮಚ ಬಂತು. "ಇಲ್ಲೇ ಇರ್ಲಿ ವೈನಿ, ಬಂದಾಗ ಇಲ್ಲೇ ನೋಡ್ತೀನಿ" ಎಂದಳು. ಮಸಿಬಟ್ಟೆಯನ್ನು ಮಾತ್ರ ತರಲಿಲ್ಲ. ಸೊಸೆ ಕೇಳಲೂ ಇಲ್ಲ.

ಕಥೆ ಇಷ್ಟೇ. ಈಗ ಹೇಳಿ, ಈ ಮನೆಯಲ್ಲಿ ಕದ್ದವರು ಯಾರು? ಮಗಳು ಚಮಚ ಕದ್ದಳು, ನಿಜ. ಅವಳೇ ಒಪ್ಪಿಕೊಂಡಳು. ಆದರೆ ಅವಳ ಉಡಿಯನ್ನು ಎರಡು ವರ್ಷ ಇಟ್ಟುಕೊಂಡವರು ಯಾರು? ಮರೆತ ದೊಡ್ಡವ್ವ, ತಾನಾಗಿ ಕೈಹಾಕದ ಸೊಸೆ, ಹೆಂಗಸರ ಬಾಬತ್ತು ಎಂದ ಅಣ್ಣ. ಒಬ್ಬರೂ ಕೆಟ್ಟವರಲ್ಲ. ಒಬ್ಬರೂ ತಾವು ಕದ್ದೆವು ಎಂದುಕೊಳ್ಳಲಿಲ್ಲ. ನಾವೂ ಹಾಗೇ ಅಲ್ಲವೇ? ಕೊಡಬೇಕಾದ್ದನ್ನು ಕೊಡದೆ ಕುಳಿತಿರುತ್ತೇವೆ, ಅವರು ಕದ್ದು ಒಯ್ದಾಗ ಮಾತ್ರ ಕಣ್ಣು ಬಿಡುತ್ತೇವೆ.

ನಿಮ್ಮ ಮನೆಯಲ್ಲೂ ಸಣ್ಣಪುಟ್ಟದ್ದು ಕಾಣೆಯಾಗುತ್ತದೆ. ಮುದುಕಿ ತಲೆದಿಂಬಿನ ಕೆಳಗೆ ಬೆಲ್ಲದ ಚೂರು ಬಚ್ಚಿಡುತ್ತಾಳೆ. ಅವಳ ದಿಂಬು ಜಾಡಿಸುವ ಮೊದಲು, ಆ ಬೆಲ್ಲವನ್ನು ಬಟ್ಟಲಲ್ಲಿ ಹಾಕಿ ಅವಳ ಕೈಗೆ ಕೊಟ್ಟು ಎಷ್ಟು ದಿನವಾಯಿತು ಎಂದು ಕೇಳಿಕೊಳ್ಳಿ. ಕೆಲಸದವಳ ಮೇಲೆ ಸಂಶಯ ಬಂತೇ? ಅವಳಿಗೆ ಹಬ್ಬದೂಟ ಎಲೆ ಹಾಕಿ ಬಡಿಸಿದ್ದಿರೋ, ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ ಕಳಿಸಿದ್ದಿರೋ? ಕೈ ನೋಡುವ ಮೊದಲು ಉಡಿ ನೋಡಿ.

ಪಂಚಮಿಗೆ ಇನ್ನು ನಾಲ್ಕು ದಿನ ಇದೆ. ನಿಮ್ಮ ಅಕ್ಕತಂಗಿಯರು ಬರುತ್ತಾರೆ. ಅಣ್ಣಂದಿರೇ, ತಮ್ಮಂದಿರೇ, ಬಸ್ ನಿಲ್ದಾಣದಲ್ಲಿ ಕೈಗೆ ಕವರ್ ತುರುಕಿ ಆಯಿತು ಎನ್ನಬೇಡಿ. ಮನೆಯೊಳಗೆ ನೀವೇ ಮಣೆ ಹಾಕಿ. ಮಣೆ ಎಲ್ಲಿದೆ ಎಂದು ಗೊತ್ತಿಲ್ಲವೇ? ಇವತ್ತೇ ಕೇಳಿ ತಿಳಿದುಕೊಳ್ಳಿ. ಸೊಸೆಯಂದಿರೇ, ಯಾರಾದರೂ ಹೇಳಲಿ ಎಂದು ಕಾಯಬೇಡಿ. ಹಿರಿಯರೇ, ನೀವು ಬೇಡ ಎಂದಿದ್ದರೆ ಈಗ ನೀವೇ ಹೋಗಿ ಬೇಕು ಎಂದು ಹೇಳಿ ಬನ್ನಿ. ತಾಯಿ ಇಲ್ಲದ ಹೆಣ್ಣುಮಗಳು ನಿಮ್ಮ ಮನೆಯಲ್ಲಿದ್ದರೆ ಅವಳನ್ನು ಮೊದಲು ಕೂರಿಸಿ.

ರಾತ್ರಿ ಅಡುಗೆಗೆ ಅಕ್ಕಿ ತೆಗೆಯುವಾಗ ಆ ಡಬ್ಬಿಯೊಳಗೆ ಒಂದು ಸಲ ನೋಡಿ. ಅದರಲ್ಲಿ ನಾಲ್ಕು ಕಾಳು ನಿಮ್ಮವಲ್ಲ. ನಿಮ್ಮ ಮನೆ ತಣ್ಣಗಿರಲಿ ಎಂದು ಯಾರೋ ಹಾಕಿ ಹೋದವು. ಅವಳು ಈ ಸಲವೂ ಅವನ್ನು ಯಾರಿಗೂ ಕಾಣದಂತೆ ಹಾಕಿ ಹೋಗುವಂತೆ ಮಾಡಬೇಡಿ.