ಕಡಲ ತಳದ ಗುರುತು ಯಾರದ್ದು?

ಅಧ್ಯಕ್ಷರೇ, ನಮ್ಮ ಇಗರ್ಜಿಯ ಫಾದರ್ ಜೆರಾರ್ಡ್ ಅವರೇ, ತಿರುವನಂತಪುರದಿಂದ ದಯಮಾಡಿಸಿರುವ ಕಂಪನಿಯ ಅತಿಥಿಗಳೇ, ಬಲೆ ಹೆಣೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿರುವ ಅಣ್ಣಂದಿರೇ, ಬುಟ್ಟಿಗಳನ್ನು ಬಾಗಿಲಾಚೆ ಇಟ್ಟು ಒಳಗೆ ಕುಳಿತಿರುವ ಅಕ್ಕಂದಿರೇ, ಸಭಿಕರೇ, ನಮ್ಮ ಮೀನಿನ ಜಾಗಗಳನ್ನು ನಮ್ಮ ಜೇಬಿನಿಂದಲೇ ಕದ್ದು ಮಾರಲಾಗಿದೆ. ಕದ್ದವರಿಗೆ ನಾವು ಈಗತಾನೆ ಶಾಲು ಹೊದಿಸಿದೆವು.

ನನ್ನನ್ನು ಕರೆದದ್ದು ವಂದನಾರ್ಪಣೆಗೆ. ವಂದನೆ ಅರ್ಪಿಸಿಯೇ ಇಳಿಯುತ್ತೇನೆ, ಗಾಬರಿಯಾಗಬೇಡಿ. ಆದರೆ ಯಾವುದಕ್ಕೆ ವಂದನೆ ಎಂದು ಮೊದಲು ತಿಳಿದುಕೊಳ್ಳಬೇಡವೇ?

ನಾನು ಜೆಸಿಂತ, ನಮ್ಮ ಮೀನುಗಾರರ ಸಹಕಾರ ಸಂಘದ ಕಂಪ್ಯೂಟರ್ ಮುಂದೆ ಕೂರುವವಳು, ಅಧ್ಯಕ್ಷ ಸಿಲುವದಾಸನ್ ಅವರ ಮಗಳು. ಸಭೆಯಲ್ಲಿ ಅವರನ್ನು ಅಧ್ಯಕ್ಷರೇ ಎನ್ನುತ್ತೇನೆ. ಮನೆಯಲ್ಲಿ ಈಸ್ಟರ್ ಆದ ಮೇಲಿನ ಒಂದು ಜಗಳದಿಂದ ಈಚೆಗೆ ಏನೂ ಎನ್ನುತ್ತಿಲ್ಲ.

ಅತಿಥಿಗಳಿಗಾಗಿ ಒಂದು ಮಾತು. ಕಡಲ ತಳದಲ್ಲಿ ಬಂಡೆಗುಡ್ಡಗಳಿವೆ. ನಾವು ಪಾರು ಎನ್ನುತ್ತೇವೆ. ಕಲವ ಮೀನು, ಬೊಂಡಾಸು ಎಲ್ಲ ಅಲ್ಲಿ ಸೇರುತ್ತವೆ. ಮೇಲಿನಿಂದ ನೋಡಿದರೆ ನೀರು ಬಿಟ್ಟು ಬೇರೇನೂ ಕಾಣದು. ಇಗರ್ಜಿಯ ಗೋಪುರ ಯಾವ ಗುಡ್ಡದ ಹೆಗಲಿಗೆ ಬಂದು ನಿಲ್ಲುತ್ತದೆ, ಅದೇ ಹೊತ್ತಿಗೆ ದೀಪಸ್ತಂಭ ಯಾವ ತೆಂಗಿನ ತೋಪಿನ ಹಿಂದೆ ಮರೆಯಾಗುತ್ತದೆ, ಹೀಗೆ ಎರಡು ಗೆರೆ ಕೂಡಿದ ಕಡೆ ಲಂಗರು ಬಿಟ್ಟರೆ ಕೆಳಗೆ ಪಾರು ಇರುತ್ತದೆ. ಈ ಗುರುತುಗಳನ್ನು ಅಪ್ಪ ಮಗನಿಗೆ ಮಾತ್ರ ಹೇಳುವುದು. ಅಣ್ಣನ ಗುರುತು ತಮ್ಮನಿಗೆ ಗೊತ್ತಿರುವುದಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಪೂಜೆ ಕೇಳುವವರು ಕಡಲಿಗಿಳಿದರೆ ಒಬ್ಬರಿಗೊಬ್ಬರು ಸುಳ್ಳು ದಾರಿ ತೋರಿಸುತ್ತಾರೆ. ನಗಬೇಡಿ ಆಂಟ್ರೂಸಣ್ಣಾ, ನಿಮ್ಮನ್ನು ಕುರಿತೇ ಹೇಳುತ್ತಿದ್ದೇನೆ.

ನಮ್ಮ ಅಪ್ಪನಿಗೆ ಮಗನಿಲ್ಲ. ಚಿಕ್ಕವಳಿದ್ದಾಗ ದಡದಲ್ಲಿ ನಿಂತು ಕೇಳುತ್ತಿದ್ದೆ, "ಅಪ್ಪಾ, ನಂಗೂ ಒಂದು ಪಾರು ತೋರ್ಸಪ್ಪಾ."

"ನೋಡಿ ಏನ್ಮಾಡ್ತೀಯೇ? ಮದ್ವೆಯಾಗಿ ಬೇರೆ ಊರಿಗೆ ಹೋಗೋಳು. ಅಲ್ಲಿ ಗಂಡನ ಕಿವೀಲಿ ಊದ್ತೀಯ. ಹೋಗು, ಅಮ್ಮಂಗೆ ಮಂಜುಗಡ್ಡೆ ಒಡ್ಕೊಡು."

ನಾನು ಮದುವೆಯಾಗಲಿಲ್ಲ. ಪಟ್ಟಣದ ಗ್ರಂಥಾಲಯದ ಮುಂದೆ ಹಂಚುತ್ತಿದ್ದ ಕರಪತ್ರಗಳನ್ನು ಮನೆಗೆ ತಂದು ಓದಿದೆ. ಬಿತ್ತಿದ ಬೀಜ ಯಾರದ್ದು, ಕರೆದ ಹಾಲು ಯಾರದ್ದು, ಅದರ ಲೆಕ್ಕ ಇಟ್ಟ ಯಂತ್ರ ಯಾರದ್ದು ಎಂದು ಅವು ಕೇಳುತ್ತಿದ್ದವು. ಅಮ್ಮ ಅವುಗಳಲ್ಲೇ ಒಣಮೀನು ಕಟ್ಟಿ ಮಾರುತ್ತಿದ್ದಳು. ಹೀಗಾಗಿ ನನ್ನ ವಿದ್ಯಾಭ್ಯಾಸ ಅಲ್ಲಲ್ಲಿ ಹರಿದಿದೆ.

ನ್ಯಾಯವಾಗಿ ಹೇಳಬೇಕೆಂದರೆ ಈ ಕಂಪನಿ ನಮ್ಮೂರಿಗೆ ಸುಮ್ಮನೆ ಬರಲಿಲ್ಲ. ಆ ಬಿರುಗಾಳಿಯ ವರ್ಷ ನಮ್ಮ ಪತ್ರೋಸ್ ಮಾಮ, ಅಮ್ಮನ ತಮ್ಮ, ತಿರುಗಿ ಬರಲಿಲ್ಲ. ಎಲ್ಲಿ ಹುಡುಕುವುದು? ಎಲ್ಲಿಗೆ ಹೋಗುತ್ತೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ, ಅದು ಅವನ ಪಾರು! ಹೆಲಿಕಾಪ್ಟರ್‌ನವರು ಕೇಳಿದರು, ಯಾವ ದಿಕ್ಕು ಎಂದು. ನಮ್ಮಮ್ಮ ಇಡೀ ಕಡಲಿನತ್ತ ಕೈ ತೋರಿಸಿದಳು. ಮರುವರ್ಷ ಕಂಪನಿಯವರು ಬಂದು ಪುಕ್ಕಟೆಯಾಗಿ ಒಂದು ಆ್ಯಪ್ ಕೊಟ್ಟರು. ಕಷ್ಟ ಬಂದಾಗ ಒಂದು ಗುಂಡಿ ಒತ್ತಿದರೆ ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಯುತ್ತದೆ. ಸಂಘದ ಎಲ್ಲ ದೋಣಿಯವರೂ ಹಾಕಿಕೊಂಡರು. ಅಪ್ಪನೇ ಮೊದಲಿಗರು. ಎರಡು ದೋಣಿಗಳು ಆ ಗುಂಡಿಯಿಂದಾಗಿ ಉಳಿದಿವೆ. ಅದನ್ನು ಮರೆಮಾಡುವವಳು ನಾನಲ್ಲ. ಉಳಿದವರು ಎರಡನೆಯ ಸಾಲಿನಲ್ಲೇ ಕುಳಿತಿದ್ದಾರೆ.

ಆದರೆ ಆ ಆ್ಯಪ್ ಗುಂಡಿ ಒತ್ತಿದಾಗ ಮಾತ್ರ ಕಣ್ಣು ತೆರೆಯುತ್ತಿತ್ತೇ? ಇಲ್ಲ ಸಭಿಕರೇ. ದೋಣಿ ದಡ ಬಿಟ್ಟಲ್ಲಿಂದ ಮರಳುವವರೆಗೂ ಅದು ನೋಡುತ್ತಿತ್ತು. ಅಪ್ಪ ಎಂದಿನಂತೆ, ಬೇರೆಯವರಿಗೆ ಗೊತ್ತಾಗಬಾರದೆಂದು, ಮೊದಲು ದಕ್ಷಿಣಕ್ಕೆ ಹೋಗಿ, ಮತ್ತೆ ಪಡುವಣಕ್ಕೆ ತಿರುಗಿ, ಸುಮ್ಮನೆ ಒಂದು ಕಡೆ ಖಾಲಿ ಗಾಳ ಬಿಟ್ಟು ನಾಟಕವಾಡಿ, ಆಮೇಲೆ ಪಾರಿಗೆ ಹೋಗುತ್ತಿದ್ದರು. ಬರುವಾಗಲೂ ಸುತ್ತು. ಆಂಟ್ರೂಸಣ್ಣನ ಕಣ್ಣು ತಪ್ಪಿಸಲು ಒಂದು ಗಂಟೆಯ ಸೀಮೆಎಣ್ಣೆ ಸುಡುತ್ತಿದ್ದರು. ಅಷ್ಟು ಹೊತ್ತೂ ಫೋನು ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಬೆಚ್ಚಗೆ! ಆ ಸುತ್ತನ್ನೆಲ್ಲ ಅದು ಗೆರೆಯಾಗಿ ಬರೆದುಕೊಂಡಿತು. ದೋಣಿ ಎಲ್ಲಿ ನಾಲ್ಕು ಗಂಟೆ ನಿಂತಿತೋ ಅಲ್ಲೊಂದು ಚುಕ್ಕಿ ಇಟ್ಟಿತು. ಇಂಥ ತಪ್ಪು ಮಾಡಲು ನಮ್ಮಂಥ ಜಾಣರೇ ಆಗಬೇಕು.

ಈಸ್ಟರ್ ಆದ ಮೇಲೆ ಬಡಗಣ ಬಂದರಿನ ದೊಡ್ಡ ಬೋಟುಗಳು ಬಂದದ್ದು ನಿಮಗೆಲ್ಲ ಗೊತ್ತು. ಅಲೆದಾಡಲಿಲ್ಲ, ಹುಡುಕಲಿಲ್ಲ. ನೆಟ್ಟಗೆ ಬಂದು ನಮ್ಮ ಪಾರುಗಳ ಮೇಲೆ ನಿಂತವು. ವಾರದೊಳಗೆ ಬಂಡೆಯ ಸುತ್ತ ಗುಡಿಸಿ ಹೋದವು. ಅವುಗಳಲ್ಲಿ ಒಂದು ಇಂಜಿನ್ ಕೆಟ್ಟು ನಮ್ಮ ದಡಕ್ಕೆ ಬಂತಲ್ಲ, ಅದರ ಚಾಲಕನನ್ನು ನಾನೇ ಕೇಳಿದೆ.

"ಅಣ್ಣಾ, ಇಲ್ಲಿ ಪಾರು ಉಂಟು ಅಂತ ಯಾರಪ್ಪ ಹೇಳಿದ್ದು ನಿಮಗೆ?"

"ಯಾಕಮ್ಮಾ, ಫೋನೇ ಹೇಳ್ತದೆ. ವರ್ಷಕ್ಕಿಷ್ಟು ಅಂತ ಕಟ್ಟಿದ್ರೆ ಮೀನಿರೋ ಜಾಗ ಎಲ್ಲಾ ತೋರಿಸ್ತದೆ. ನಿಮ್ಮೂರಿನ ಕಡೆ ಚುಕ್ಕಿ ಜಾಸ್ತಿ. ನೋಡು ಬೇಕಾದ್ರೆ."

ನೋಡಿದೆ. ಅದೇ ಕಂಪನಿ. ನಮಗೆ ಪುಕ್ಕಟೆ, ಅವರಿಗೆ ಕಾಸು. ಒಂದು ಚುಕ್ಕಿಯ ಪಕ್ಕದಲ್ಲಿ ದೋಣಿಯವರು ತಮ್ಮ ಗುರುತಿಗೆಂದು ಬರೆದುಕೊಂಡ ಹೆಸರೂ ಇತ್ತು. ಅದನ್ನು ಅಳಿಸುವ ಕಷ್ಟವನ್ನೂ ಇವರು ತೆಗೆದುಕೊಂಡಿರಲಿಲ್ಲ. ಲೂರ್ದಮ್ಮ.

ಲೂರ್ದಮ್ಮ ನನ್ನ ತಾಯಿ. ತೀರಿಕೊಂಡು ಮೂರು ವರ್ಷವಾಯಿತು. ಅಪ್ಪ ತಮ್ಮ ಒಳ್ಳೆಯ ಪಾರಿಗೆ ಅವಳ ಹೆಸರಿಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ. ಹೆತ್ತ ಮಗಳಿಗೆ ಹೇಳದ್ದನ್ನು ಫೋನಿಗೆ ಹೇಳಿದ್ದರು. ಗುರುತೇ ಇಲ್ಲದ ಬೋಟಿನವನ ಕೈಯಲ್ಲಿ ಅಮ್ಮನ ಹೆಸರು ಓದುವಾಗ... ಇರಲಿ. ಇದು ವಂದನಾರ್ಪಣೆಯಲ್ಲಿ ಬರುವ ವಿಷಯವಲ್ಲ. ಯಾರಾದರೂ ಒಂದು ಲೋಟ ನೀರು ಕೊಡಿ.

ಮನೆಗೆ ಹೋಗಿ ಕೂಗಾಡಿದೆ. ಅಪ್ಪ ಒಂದೇ ಮಾತು ಹೇಳಿದರು. "ಪತ್ರೋಸು ಗುಟ್ಟು ಕಾಪಾಡ್ಕೊಂಡೇ ಸತ್ತ ಮಗಳೇ. ಬದುಕಿ ಬಂದ್ರೆ ತಾನೆ ಗುಟ್ಟು?" ಆ ರಾತ್ರಿ ಉಳಿದ ಕರಪತ್ರಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಈ ಮಾತು ಯಾವುದರಲ್ಲೂ ಇರಲಿಲ್ಲ.

ಮೈಕ್ ಆರಿಸಬೇಡಿ ಸ್ಟೆಲ್ಲಸಣ್ಣಾ. ಆರಿಸಿದರೂ ತೊಂದರೆಯಿಲ್ಲ, ನನ್ನ ಗಂಟಲು ಮೀನಿನ ಹರಾಜಿನಲ್ಲಿ ಬೆಳೆದದ್ದು.

ಈ ಕಾರ್ಯಕ್ರಮ ಮುಗಿದ ಕೂಡಲೇ ಇದೇ ಮೇಜಿನ ಮೇಲೆ ಹೊಸ ಒಪ್ಪಂದಕ್ಕೆ ಸಹಿಯಾಗಬೇಕಿದೆ. ಐದು ವರ್ಷಕ್ಕೆ. ದೋಣಿಗಳ ದಾರಿಯ ಜೊತೆಗೆ ಈ ಬಾರಿ ಹರಾಜಿನ ದರ, ಯಾರು ಎಷ್ಟು ಮೀನು ತಂದರು, ಎಲ್ಲವೂ ಅವರ ಯಂತ್ರಕ್ಕೆ ಹೋಗುತ್ತದೆ. ಅಕ್ಕಂದಿರೇ, ಇದು ಗಂಡಸರ ವಿಷಯವೆಂದು ಆಕಳಿಸಬೇಡಿ. ಮೊನ್ನೆ ಮೀನು ಮಾರುವ ಕೊರ್ದೇಲಿಯಮ್ಮಚ್ಚಿ ನನ್ನ ಮೇಜಿನ ಮುಂದೆ ಬುಟ್ಟಿ ಕುಕ್ಕಿ ಏನಂದರು?

"ಏನೇ ಹುಡುಗಿ, ನಾನು ಮಾರ್ಕೆಟ್ಟಿಗೆ ಕಾಲಿಡೋ ಮೊದ್ಲೇ ಆ ದಲ್ಲಾಳಿಗೆ ಇವತ್ತು ನಮ್ಮ ದಡಕ್ಕೆ ಎಷ್ಟು ಬಂಗಡೆ ಬಿತ್ತು ಅಂತ ಗೊತ್ತಲ್ಲೇ! ಚೌಕಾಸಿ ಮಾಡೋಣ ಅಂದ್ರೆ ಫೋನು ನೋಡಿ ನಗ್ತಾನೆ. ಆ ಹಲ್ಲುಬ್ಬನ ನಗು ನೋಡೋಕೆ ನಾನು ಎರಡು ಬಸ್ಸು ಹತ್ತಿ ಹೋಗ್ಬೇಕಾ?"

ಬರೀ ದೋಣಿಗಳ ದಾರಿ ನೋಡಿ ಅಂದಾಜು ಹಾಕಿದ್ದಕ್ಕೇ ಹೀಗಾದರೆ, ನಾಳೆ ಲೆಕ್ಕವೇ ಅವರ ಕೈಗೆ ಸಿಕ್ಕರೆ ಇನ್ನೇನು?

ಸಹಕಾರ ಎಂದರೇನು? ಮಂಜುಗಡ್ಡೆಯ ಕಾರ್ಖಾನೆ ನಮ್ಮದು. ಹರಾಜು ಶೆಡ್ಡು ನಮ್ಮದು. ಸೀಮೆಎಣ್ಣೆಯ ಡಿಪೋ ಬೇಕೆಂದು ನಮ್ಮ ಅಜ್ಜಂದಿರು ಲಾಠಿಯೇಟು ತಿಂದರು. ಅದೆಲ್ಲ ನಮ್ಮದಾದ ಮೇಲೆ, ಯಾವ ದೋಣಿ ಎಲ್ಲಿ ನಿಂತಿತ್ತು ಎಂಬುದು ಮಾತ್ರ ಹೇಗೆ ಕಂಪನಿಯದ್ದಾಯಿತು?

ಬೈದು ಇಳಿದುಹೋಗಲು ನಾನು ಬಂದಿಲ್ಲ. ನಮ್ಮ ತೆಂಕಣ ನೆರೆಯೂರಿನ ಸಂಘದವರು ಬೇರೆ ದಾರಿ ಮಾಡಿದ್ದಾರೆ, ಹೋಗಿ ನೋಡಿ ಬಂದೆ. ಪ್ರತಿ ದೋಣಿಯಲ್ಲಿ ಒಂದು ಚಿಕ್ಕ ರೇಡಿಯೋ ಪೆಟ್ಟಿಗೆ. ಅವರ ಇಗರ್ಜಿಯ ಗೋಪುರದ ಮೇಲೆ ಒಂದು ಆಂಟೆನಾ. ಸಂಘದ ಕೋಣೆಯಲ್ಲೇ ಒಂದು ಕಂಪ್ಯೂಟರ್, ಬೀಗದ ಕೈ ಸದಸ್ಯರಲ್ಲಿ. ದೋಣಿಯವನು ಗುಂಡಿ ಒತ್ತಿದರೆ, ಇಲ್ಲವೇ ಮನೆಯವರು ಬಂದು ಕೇಳಿದರೆ ಮಾತ್ರ, ಇಬ್ಬರು ಸದಸ್ಯರು ಸೇರಿ ಅದನ್ನು ತೆರೆದು ನೋಡುತ್ತಾರೆ. ದೋಣಿ ದಡ ಮುಟ್ಟಿದರೆ ಆ ದಿನದ ದಾರಿ ಅಳಿಸಿಹೋಗುತ್ತದೆ. ಪತ್ರೋಸ್ ಮಾಮನಂಥವನು ಸಿಗುತ್ತಾನೆ, ಅವನ ಪಾರು ಯಾರಿಗೂ ಸಿಗುವುದಿಲ್ಲ. ಕೊರತೆಯೂ ಇದೆ. ದೂರ ಹೋದರೆ ಕೇಳಿಸುವುದಿಲ್ಲ. ಒಮ್ಮೆ ಕರೆಂಟು ಹೋಗಿ ಮಧ್ಯಾಹ್ನವೆಲ್ಲ ಸತ್ತು ಬಿದ್ದಿತ್ತಂತೆ. ಆದರೆ ಕೆಟ್ಟರೆ ಬೈಯಲು ಅವರೂರಲ್ಲೇ ಜನ ಇದ್ದಾರೆ. ನಮ್ಮ ಆ್ಯಪ್ ಕೆಟ್ಟಾಗ ಫೋನು ಮಾಡಿದರೆ ಒಂದು ಹೆಣ್ಣುದನಿ ಹಿಂದಿಯಲ್ಲಿ ಕಾಯಲು ಹೇಳುತ್ತದೆ.

ಈ ಒಪ್ಪಂದಕ್ಕೆ ಇಂದು ಸಹಿ ಬೇಡ ಎಂಬುದಷ್ಟೇ ನನ್ನ ಬೇಡಿಕೆ. ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತಿಸಿ ನಿರ್ಧರಿಸೋಣ. ಅಧ್ಯಕ್ಷರ ಪೆನ್ನು ಅಧ್ಯಕ್ಷರ ಕೈಯಲ್ಲಿದೆ. ನಾನು ಅತ್ತ ತಿರುಗಿ ನೋಡುವುದಿಲ್ಲ. ನೋಡಿದರೆ ಮಗಳಾಗಿಬಿಡುತ್ತೇನೆ.

ಈಗ ವಂದನೆ. ಸಭಾಂಗಣ ಕೊಟ್ಟ ಫಾದರ್ ಅವರಿಗೆ, ಕುರ್ಚಿ ಹಾಕಿದ ಯುವಕರಿಗೆ, ಮರಗೆಣಸು ಬೇಯಿಸಿ ಮೀನುಸಾರು ಮಾಡಿಟ್ಟಿರುವ ಅಕ್ಕಂದಿರಿಗೆ, ಸಿಟ್ಟಾದರೂ ಎದ್ದು ಹೋಗದೆ ಕುಳಿತ ಕಂಪನಿಯ ಅತಿಥಿಗಳಿಗೆ, ಎಲ್ಲರಿಗೂ ವಂದನೆಗಳು. ಶಾಲು ನಿಮ್ಮಲ್ಲೇ ಇರಲಿ ಸ್ವಾಮಿ. ಕೊಟ್ಟದ್ದನ್ನು ನಾವು ಕಿತ್ತುಕೊಳ್ಳುವುದಿಲ್ಲ.

ಸರ್ವಸದಸ್ಯರ ಸಭೆ ಬರುವ ಭಾನುವಾರ, ಎರಡನೆಯ ಪೂಜೆಯಾದ ಮೇಲೆ, ಬೆಳಿಗ್ಗೆ ಹತ್ತಕ್ಕೆ, ಹರಾಜು ಶೆಡ್ಡಿನಲ್ಲಿ. ಹೆಂಗಸರೂ ಬರಬೇಕು. ಫೋನುಗಳು ಮನೆಯಲ್ಲಿರಲಿ.

ಕೊನೆಯದಾಗಿ ಅಧ್ಯಕ್ಷರಿಗೆ, ಅಂದರೆ ನಮ್ಮ ಅಪ್ಪನಿಗೆ. ಆ ಚುಕ್ಕಿಗಳಲ್ಲಿ ಬಾರದ ಪಾರುಗಳು ನಿಮ್ಮ ತಲೆಯಲ್ಲಿ ಇನ್ನೂ ಇವೆಯೆಂದು ನನಗೆ ಗೊತ್ತು. ಅವನ್ನು ಯಂತ್ರಕ್ಕೂ ಕೊಡಬೇಡಿ, ನಿಮ್ಮೊಂದಿಗೆ ಮಣ್ಣಿಗೂ ಒಯ್ಯಬೇಡಿ. ನಾನು ಯಾವ ಊರಿಗೂ ಹೋಗುವವಳಲ್ಲ. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ದೋಣಿಯ ಪಕ್ಕದಲ್ಲಿ ನಿಂತಿರುತ್ತೇನೆ. ಹತ್ತಿಸಿಕೊಳ್ಳಿ.

ನಮಸ್ಕಾರ.