ದಯಾನಂದನ ಎರಡು ಸೀಟಿನ ಗಾಡಿ

ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ರೋಶನ್ ಬೀ ಕೂತಿದ್ದ ಬೆಂಚಿಗೇ ಗುರುಸಿದ್ದಯ್ಯ, ರೇವಮ್ಮ ಅನ್ನೋ ಗಂಡಹೆಂಡಿರು ಬಂದು ಕೂತರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ನಮ್ಮೂರ ದಯಾನಂದ ತಂದವ್ನಲ್ಲ, ಎರಡು ಸೀಟಿನ ಗಾಡಿ.”  ಗುರುಸಿದ್ದಯ್ಯ ಅಂದ. “ ಹಿಂದಗಡೆ ಅಂಗೈಯಗಲ ತೊಟ್ಟಿ. ಅತ್ಲಾಗೆ ಜೀಪೂ ಅಲ್ಲ, ಇತ್ಲಾಗೆ ಟ್ರ್ಯಾಕ್ಟ್ರೂ ಅಲ್ಲ. ಥೂ.”

“ಕಲ್ಲುದಾರೀಲೂ ಹೋಯ್ತದೆ. ರೇಷ್ಮೆ ಹುಳಕ್ಕೆ ತೋಟದಿಂದ ಸೊಪ್ಪು ತತ್ತದೆ.”

“ಸೊಪ್ಪು ಹೊರಕ್ಕೂ ಗಾಡಿ ಬೇಕಾ? ತಲೆ ಮ್ಯಾಲೆ ಹೊರಕ್ಕೆ ಅವ್ನ ಹೆಂಡ್ತಿಗೆ ಏನಾಗೈತೆ?”

ಆಸ್ಪತ್ರೆಯವರು ಕತ್ತಿಗೆ ಕಟ್ಟಿದ್ದ ಬೆಲ್ಟನ್ನು ರೇವಮ್ಮ ಸರಿಮಾಡಿಕೊಂಡಳು.

“ಅವ್ಳಿಗೇನೂ ಆಗಿಲ್ಲ. ಗಾಡಿ ಓಡ್ಸೋದೇ ಅವ್ಳು. ನಮ್ಮ ಸೊಪ್ಪೂ ತಂದಾಕು ಅಂತ ಹೇಳ್ಬುಟ್ಟಿವ್ನಿ.”

“ಊರೋರು ನಗಾಕಿಲ್ವಾ?”

“ನಗ್ಲಿ. ಬ್ಯಾಡ ಅಂದ್ರೆ ನೀವೇ ಹೊತ್ಕಳಿ.”

ಬಸ್ಸು ಬಂತು. ಗುರುಸಿದ್ದಯ್ಯ ಗೊಣಗುತ್ತ ಎದ್ದ. ರೇವಮ್ಮ ಅವನಿಗೆ ಕಾಯದೆ ಹತ್ತಿ, ಕಿಟಕಿ ಪಕ್ಕ ಕೂತು, ಇನ್ನೊಂದು ಸೀಟಿನ ಮೇಲೆ ತನ್ನ ಚೀಲ ಇಟ್ಟಳು.